ಬೆಂಕಿ ಕಾಣದ ಡೋಲು

ಲ್ಯಾಟಿನ್ ಜಾಝ್‌ಗೆ ಕೆರಿಬಿಯನ್ ದ್ವೀಪಗಳ ತಾಳ ಬೆರೆಸಿ ನುಡಿಸೋ ವಿದೇಶಿ ತಂಡವೊಂದನ್ನ ನನ್ನ ಟೆಂಪೋದಲ್ಲಿ ರೆಸಾರ್ಟಿಗೆ ಕರ್ಕೊಂಡು ಹೋಗ್ತಿದ್ದೆ. ಕುಂದಾಣದಲ್ಲಿ ಬೆಳಗಿನ ಟೀಗೆ ನಿಲ್ಲಿಸಿದಾಗ, ಹಿರಿಯರೊಬ್ಬರು ಚಳಿಗೆ ಸಡಿಲವಾದ ತಮಟೇನ ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸ್ತಿದ್ರು. ನಮ್ಮ ತಂಡದವನೊಬ್ಬ ಜೊತೆಗೇ ಇಳಿಸ್ಕೊಂಡಿದ್ದ ಉದ್ದನೆ ಡೋಲು ಕಂಡು, "ತನ್ನಿ, ಇದನ್ನೂ ಕಾಯಿಸ್ಕೊಡ್ತೀನಿ" ಅಂತ ಕೈ ಚಾಚಿದ್ರು.

ಭಾಷೆ ತಿಳಿಯದ ಡೋಲಿನವನು ಗಾಬರಿಯಾಗಿ ಅದನ್ನ ತಬ್ಬಿಕೊಂಡ. ಹಿರಿಯರ ಮುಖ ಸಪ್ಪಗಾಯ್ತು.

"ತಪ್ಪು ತಿಳ್ಕೋಬೇಡಿ ಯಜಮಾನ್ರೇ, ಇದರ ಚರ್ಮ ಪ್ಲಾಸ್ಟಿಕ್‌ದು. ಕರಗ್ಬಿಡುತ್ತೆ" ಅಂದೆ.

ಅವರು ಸ್ವಲ್ಪ ಯೋಚಿಸಿ, "ಕೋಲಲ್ಲಿ ಹೊಡೀತಾರೋ, ಕೈಯಲ್ಲೋ?" ಅಂದ್ರು.

"ಕೈಯಲ್ಲೇ."

"ಹಂಗಾದ್ರೆ ಕೈನಾದ್ರೂ ಕಾಯಿಸ್ಕೊಳ್ಳೋಕೆ ಹೇಳಪ್ಪ. ಅದು ಪ್ಲಾಸ್ಟಿಕ್ ಅಲ್ವಲ್ಲ."

ತಂಡದವರೆಲ್ಲ ಬೆಂಕಿ ಸುತ್ತ ಕೂತ್ರು. ನಾನೂ ಕೂತೆ. ಸ್ಟೀರಿಂಗನ್ನೂ ಕೈಯಲ್ಲೇ ತಾನೆ ನುಡಿಸೋದು.