ಚೀಲದಲ್ಲಿ ಮಣ್ಣು ತಂದ ಕಾಂಪೌಂಡರು

ಅವರ ಎರಡೂ ಮುಂಗೈಗಳ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಸಣ್ಣ ಸಣ್ಣ ಬಿಳಿಯ ಗೀರುಗಳಿದ್ದವು. ಮೂವತ್ತು ವರ್ಷಕ್ಕೂ ಮೇಲೆ ದನದ ಆಸ್ಪತ್ರೆಯಲ್ಲಿ ಕಾಂಪೌಂಡರಾಗಿದ್ದವರು. ಹಸು ಒದ್ದದ್ದು ಎಲ್ಲಿ ಎಂದು ಯಾರಾದರೂ ಕೇಳಿದರೆ ಪ್ಯಾಂಟು ಎತ್ತಿ ಮೊಣಕಾಲು ತೋರಿಸುತ್ತಿದ್ದರು. ಆಮೇಲೆ ಕೈ ಚಾಚಿ, "ಇವೆಲ್ಲ ಬೆಕ್ಕಿನ ಸೈನು ಕಣಮ್ಮ. ಹಸ ಒದ್ದು ಮರ್ತ್‌ಬುಡ್ತೈತೆ, ಬೆಕ್ಕು ಬರ್ದು ಕೊಡ್ತೈತೆ," ಎನ್ನುತ್ತಿದ್ದರು. ನಗಿಸಲು ಹೇಳಿದ ಹಾಗಿರುತ್ತಿರಲಿಲ್ಲ. ಬಸ್ಸಿನ ಸಮಯ ಹೇಳುವವರ ದನಿ.

ನನ್ನ ಗಂಡ ಮಗ್ಗೆ ಕಡೆಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ನಮ್ಮ ಹಸುವಿಗೆ ಏನಾದರೂ ಆದರೆ ಈ ಕಾಂಪೌಂಡರನ್ನೇ ಕರೆಸುತ್ತಿದ್ದರು. ಎರಡು ವರ್ಷದ ಹಿಂದೆ, ಕಾಫಿ ಒಣಗಿಸುವ ಕಣದಲ್ಲಿ ಎದೆ ಹಿಡಿದುಕೊಂಡು ಕುಳಿತ ನನ್ನ ಗಂಡ ಮತ್ತೆ ಏಳಲಿಲ್ಲ. ಎರಡು ತಿಂಗಳಲ್ಲಿ ಕ್ವಾರ್ಟರ್ಸು ಬಿಟ್ಟುಕೊಟ್ಟು, ಹಸುವನ್ನು ಕೂಲಿ ಲೈನಿನವರೊಬ್ಬರಿಗೆ ಒಪ್ಪಿಸಿ, ಅತ್ತೆಯನ್ನೂ ಕೆಂಚ ಎಂಬ ಬೆಕ್ಕನ್ನೂ ಕರೆದುಕೊಂಡು ಸಕಲೇಶಪುರದಲ್ಲಿ ಮಹಡಿಯ ಮೇಲಿನ ಬಾಡಿಗೆ ಮನೆಗೆ ಬಂದೆ. ಶಾಲೆಯೊಂದರ ಆಫೀಸಿನಲ್ಲಿ ಕೆಲಸವಿತ್ತು. ಹೋಗುತ್ತಿದ್ದೆ, ಬರುತ್ತಿದ್ದೆ. ಅಳು ಬರಲಿಲ್ಲ. ಅತ್ತುಬಿಡು, ಇಲ್ಲದಿದ್ದರೆ ಒಳಗೇ ಉಳಿದುಬಿಡುತ್ತದೆ ಎಂದು ನೆಂಟರು ಹೇಳುತ್ತಿದ್ದರು. ಒಳಗೆ ಏನಾದರೂ ಇದೆಯೇ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ.

ಕೆಂಚ ಕಾಫಿ ಗಿಡಗಳ ಬುಡ ಕೆದಕಿ ಬೆಳೆದ ಗಂಡು ಬೆಕ್ಕು. ಇಲ್ಲಿ ಕೆಳಗಿಳಿದರೆ ರಸ್ತೆ, ಬೀದಿನಾಯಿಗಳು. ಹಾಗಾಗಿ ಒಳಗೇ ಕೂಡಿಹಾಕಿ, ಬಚ್ಚಲಲ್ಲಿ ವಾಷಿಂಗ್ ಮಿಷಿನ್ನಿನ ಪಕ್ಕ ಒಂದು ಟ್ರೇಗೆ ಮರದ ಹೊಟ್ಟು ತುಂಬಿ ಇಟ್ಟಿದ್ದೆ. ಅದು ಟ್ರೇಯೊಂದನ್ನು ಬಿಟ್ಟು ಉಳಿದ ಕಡೆಯೆಲ್ಲ ಉಚ್ಚೆ ಹೊಯ್ಯತೊಡಗಿತು. ಬಾಗಿಲ ಮೂಲೆ, ಅತ್ತೆಯ ಚಾಪೆ, ಮಡಿಸಿಟ್ಟ ಬಟ್ಟೆ. ಒಂದು ಬೆಳಿಗ್ಗೆ ನನ್ನ ಗಂಡ ಹೊದೆಯುತ್ತಿದ್ದ ಕಂಬಳಿಯ ಮೇಲೆ. ಮಗನ ವಾಸನೆ ಇದೆಯೆಂದು ಅತ್ತೆ ಆ ಕಂಬಳಿಯನ್ನು ಒಗೆಯಲು ಬಿಟ್ಟಿರಲಿಲ್ಲ. ನಾನು ಅದನ್ನು ಬಕೆಟ್ಟಿಗೆ ಹಾಕಿ ಸೋಪಿನ ಪುಡಿ ಸುರಿದೆ. ಏನೂ ಅನ್ನಿಸಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಭಾನುವಾರ ಇದನ್ನ ಗೋಣಿಚೀಲಕ್ಕೆ ಹಾಕಿ ಮಾರನಹಳ್ಳಿ ತಾವ ಬಿಟ್ಟು ಬಾ," ಎಂದರು. "ಹೋಟ್ಲು ಅವೆ, ಎಂಗೋ ಬದುಕ್ಕತೈತೆ. ನನ್ ಮಗನ ಕಂಬ್ಳಿನೇ ಬೇಕಾಗಿತ್ತಾ ಇದ್ಕೆ?"

ಆಗಲಿ ಎಂದೆ. ಚೀಲವನ್ನೂ ಹುಡುಕಿಟ್ಟೆ.

ಶನಿವಾರ ಬಸ್ ಸ್ಟ್ಯಾಂಡಿನಲ್ಲಿ ಕಾಂಪೌಂಡರು ಸಿಕ್ಕಿದರು. ನಿವೃತ್ತರಾಗಿ ಬೆಳಗೋಡಿನ ಪಕ್ಕದ ತಮ್ಮೂರಿನಲ್ಲಿದ್ದರು. ಬೇರೆಯವರ ಹಾಗೆ ಮುಖ ಸಣ್ಣದು ಮಾಡಿಕೊಳ್ಳದೆ, "ಕೆಂಚ ಎಂಗವ್ನೆ?" ಎಂದರು. ಹೇಳಿದೆ. ಚೀಲದ ವಿಷಯವನ್ನೂ ಹೇಳಿದೆ. ಅವರ ಬಸ್ಸು ಬಂತು. ಅವರು ಹತ್ತಲಿಲ್ಲ.

ನನ್ನ ಜೊತೆ ಮನೆಗೆ ಬಂದವರೇ ನೇರ ಬಚ್ಚಲಿಗೆ ಹೋಗಿ ಟ್ರೇ ಎತ್ತಿ ಮೂಸಿದರು.

"ಫಿನಾಯಿಲ್ ಹಾಕಿ ತೊಳೀತೀರಾ?"

"ಹೂಂ."

"ಯಾವತ್ತಿಂದ ಇಂಗಾಡ್ತೈತೆ?"

ಗೊತ್ತಿರಲಿಲ್ಲ.

"ನೀರು ಕುಡೀತೈತಾ? ಹುಯ್ಯೋವಾಗ ಧಾರಾಳವಾಗಿ ಬತ್ತೈತಾ, ತೊಟ್ಟು ತೊಟ್ಟಾ?"

ಅದೂ ಗೊತ್ತಿರಲಿಲ್ಲ. ಒಂದೇ ಮನೆಯಲ್ಲಿದ್ದುಕೊಂಡು ತಿಂಗಳುಗಟ್ಟಲೆ ನಾನು ಆ ಬೆಕ್ಕನ್ನು ನೋಡಿಯೇ ಇರಲಿಲ್ಲ.

"ಎಸ್ಟೇಟ್ ಬಿಡ್ಸಿದ್ದಕ್ಕೆ ಹಗೆ ಸಾಧಿಸ್ತೈತೆ ಅದು," ಎಂದರು ಅತ್ತೆ.

"ಹಗೆ ಸಾಧ್ಸಾಕೆ ಅದೇನು ಮನುಷ್ಯನಾ ಅಮ್ಮ? ಅದ್ಕೆ ಫಿನಾಯಿಲ್ ವಾಸ್ನೆ ಆಗಕಿಲ್ಲ. ಹೊಟ್ಟು ಕಾಲಿಗೆ ಚುಚ್ತೈತೆ. ಪಕ್ಕದಲ್ಲೇ ವಾಷಿಂಗ್ ಮಿಷಿನ್ ಗುಡುಗ್ತೈತೆ. ನೀವಾದ್ರೆ ಹೋಗ್ತಿದ್ರಾ ಅಲ್ಲಿಗೆ? ನಂಗೊಂದೆರಡು ವಾರ ಕೊಡಿ."

ಎರಡು ದಿನ ಬಿಟ್ಟು ಒಂದು ಚೀಲ ಮಣ್ಣು ಹೊತ್ತುಕೊಂಡು ಮಹಡಿ ಹತ್ತಿದರು. ತಮ್ಮ ತೋಟದ ಕಾಫಿ ಗಿಡಗಳ ಬುಡದ್ದು. ಜರಡಿ ಹಿಡಿದು ಬಿಸಿಲಿಗೆ ಒಣಗಿಸಿದ್ದು. ಟ್ರೇಯನ್ನು ಬಿಸಿನೀರಿನಲ್ಲಿ ತಾವೇ ತೊಳೆದು, ಮಣ್ಣು ತುಂಬಿ, ಯಾರೂ ಓಡಾಡದ ಮೂಲೆಯಲ್ಲಿಟ್ಟರು. ಉಚ್ಚೆಯಾದ ಜಾಗವನ್ನೆಲ್ಲ ನನ್ನಿಂದ ಮತ್ತೆ ಒರೆಸಿಸಿದರು. "ವಾಸ್ನೆ ನಿಮ್ ಮೂಗಿಗೆ ಗೊತ್ತಾಗ್ದಿದ್ರೆ ಸಾಲ್ದು, ಅದರ ಮೂಗಿಗೂ ಗೊತ್ತಾಗ್ಬಾರ್ದು." ಕೆಂಚ ಬಂದು ಮೂಸಿದ, ಕೆದಕಿದ, ಕುಳಿತ. ಅತ್ತೆ ನೋಡಿ ಒಳಗೆ ಹೋದರು.

ಅಂದಿನಿಂದ ದಿನಾ ಸಂಜೆ ಕಾಂಪೌಂಡರ ಫೋನು. "ಎಷ್ಟು ಸಲ ಹೋಯ್ತು? ಎಷ್ಟಗಲ ನೆಂದೈತೆ, ಅಂಗೈಯಷ್ಟಾ?" ಉತ್ತರ ಹೇಳಬೇಕಲ್ಲ ಎಂದು ನಾನು ನೋಡತೊಡಗಿದೆ. ಆಫೀಸಿನಿಂದ ಬಂದವಳೇ ಮೊದಲು ಟ್ರೇ ನೋಡುತ್ತಿದ್ದೆ. ನಾನಿಲ್ಲದಾಗ ನೋಡುವ ಕೆಲಸ ಅತ್ತೆಯದಾಯಿತು.

ಎರಡನೆಯ ವಾರ, ಒಂದು ರಜೆಯ ದಿನ, ಕೆಂಚ ಬೆಳಗಿನಿಂದ ಐದಾರು ಸಲ ಟ್ರೇಗೆ ಹೋಗಿ ಕುಳಿತ. ಮಣ್ಣು ಒಣಗಿಯೇ ಇತ್ತು. ಕುಳಿತಾಗಲೆಲ್ಲ ವಿಚಿತ್ರ ದನಿಯಲ್ಲಿ ಕೂಗುತ್ತಿದ್ದ. ಆ ದಿನ ನಾನೇ ಫೋನು ಮಾಡಿದೆ. ಮುಂದಿನ ಬಸ್ಸಿಗೇ ಬಂದರು. ಎರಡು ಬೆರಳಿನಿಂದ ಹೊಟ್ಟೆ ಒತ್ತಿ ನೋಡಿದರು.

"ಉಚ್ಚೆ ಕಟ್ಕಂಡೈತೆ. ನಿಂಬೆಹಣ್ಣಿನಂಗೆ ಗಟ್ಟಿಯಾಗೈತೆ. ಗಂಡು ಬೆಕ್ಕಿಗೆ ಇದು ಬಂದ್ರೆ ನಾಳೆ ನೋಡನ ಅನ್ನಂಗಿಲ್ಲ, ಹೋಗ್ಬುಡ್ತೈತೆ. ನನ್ ಕೈಲಾಗೋದಲ್ಲ ಇದು. ಹಾಸನದ ಡಾಕ್ಟ್ರ ತಾವ ನಡೀರಿ."

ಹೊರಡುವಾಗ ಅತ್ತೆ ಒಳಗಿನಿಂದ ಆ ಕಂಬಳಿಯನ್ನು ತಂದರು. "ಇದ್ರಲ್ಲಿ ಸುತ್ಕಳಿ. ಗಾಳಿ ಐತೆ," ಎಂದರು.

ಬಾಡಿಗೆ ಕಾರಿನಲ್ಲಿ ಕೆಂಚ ಕಂಬಳಿಯಿಂದ ಪಂಜ ಹೊರಗೆ ಹಾಕಿ ಕಾಂಪೌಂಡರ ಕೈಯನ್ನು ಉದ್ದಕ್ಕೆ ಗೀರಿದ. ರಕ್ತ ಇಳಿಯಿತು. "ಇನ್ನೂ ಶಕ್ತಿ ಐತೆ, ವಾಸಿ," ಎಂದು ಅಂಗಿಯಲ್ಲಿ ಒರೆಸಿಕೊಂಡರು. ಆಲೂರು ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಾ, "ಮೊದಲ್ನೇ ದಿನವೇ ಹೊಟ್ಟೆ ಮುಟ್ಟಿ ನೋಡ್ಬೇಕಾಗಿತ್ತು ಕಣಮ್ಮ. ಮೊದ್ಲು ಕಾಯಿಲೆ, ಆಮೇಲೆ ಟ್ರೇ. ಎಲ್ರಿಗೂ ಹೇಳ್ತಿದ್ದೋನು ನಾನು. ತಪ್ಪು ನಂದೇ," ಎಂದರು. ಅಷ್ಟು ನೇರವಾಗಿ ತಪ್ಪು ಒಪ್ಪಿಕೊಂಡವರನ್ನು ನಾನು ಹೆಚ್ಚು ಕಂಡಿಲ್ಲ.

ಡಾಕ್ಟರು ನಳಿಕೆ ಹಾಕಿ ಮೂತ್ರ ತೆಗೆದರು. ಇನ್ನು ಕೆಲವು ಗಂಟೆ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು. ಮೂರನೆಯ ದಿನ ಕೆಂಚ ಮನೆಗೆ ಬಂದ. ಅತ್ತೆ ಗೋಣಿಚೀಲವನ್ನು ಕಾಲೊರೆಸುವುದಕ್ಕೆ ಬಾಗಿಲಲ್ಲಿ ಹಾಕಿಕೊಂಡರು.

ಫೋನು ಮಾತ್ರ ನಿಲ್ಲಲಿಲ್ಲ. ವರ್ಷವಿಡೀ ಅದೇ ಪ್ರಶ್ನೆಗಳು, ಎರಡೇ ನಿಮಿಷ. ಈ ಸಲ ಕಾಫಿ ಹೂ ಬಿಟ್ಟ ವಾರ ಎರಡು ಸಂಜೆ ಫೋನು ಬರಲಿಲ್ಲ. ಮೂರನೆಯ ಬೆಳಿಗ್ಗೆ ಅವರ ತಮ್ಮನಿಂದ ಬಂತು. ಊಟ ಮಾಡಿ ಮಲಗಿದವರು ಹಾಗೇ ಹೋಗಿಬಿಟ್ಟಿದ್ದರು.

ಹೋದೆ. ಅಲ್ಲಿಯೂ ಅಳಲಿಲ್ಲ. ಹನ್ನೊಂದರ ತಿಥಿಯ ದಿನ ಅವರ ಹೆಂಡತಿಯ ಪಕ್ಕ ಕುಳಿತು, "ನನ್ನ ಕಷ್ಟ ನೋಡಲಾರದೆ ಬೆಕ್ಕಿನ ನೆಪದಲ್ಲಿ ದಿನಾ ವಿಚಾರಿಸ್ತಿದ್ರು ಅನ್ಸುತ್ತೆ," ಎಂದೆ.



"ಇಲ್ಲ ಕಣವ್ವ," ಎಂದರು ಆಕೆ. "ಬೆಕ್ಕಿನ್ ವಿಚಾರಕ್ಕೇ ಮಾಡ್ತಿದ್ದಿದ್ದು. ಎಂಗಿದ್ದೀಯ ಅಂತ ಅವ್ರು ನನ್ನೇ ಒಂದಿನಾನೂ ಕೇಳ್ದೋರಲ್ಲ."

ಅದು ಸುಳ್ಳಲ್ಲ ಎಂದು ನನಗೂ ಗೊತ್ತು. ಈ ಎರಡು ವರ್ಷಗಳಲ್ಲಿ ಕಂಡವರೆಲ್ಲ ಹೇಗಿದ್ದೀಯ ಎಂದು ನನ್ನನ್ನು ಕೇಳಿದರು. ನನಗೆ ಗೊತ್ತಿರಲಿಲ್ಲ. ಕೆಂಚ ಎಷ್ಟು ಸಲ ಉಚ್ಚೆ ಹೊಯ್ದ ಎಂಬುದು ಮಾತ್ರ ಗೊತ್ತಿರುತ್ತಿತ್ತು. ಅದನ್ನು ಕೇಳುವುದಕ್ಕೆ ಒಬ್ಬರಿದ್ದರು.