ಕೇಳಿಸಿಕೊಳ್ಳುವ ಮುದಲಾಳಿ

ನಮ್ಮ ದೊಡ್ಡಪ್ಪನ ಮಗ ಕೊಯಮತ್ತೂರಿನ ದೊಡ್ಡ ಹೋಟೆಲೊಂದರಲ್ಲಿ ಎರಡು ದಿನ ಕೂತು ಒಳ್ಳೆಯವನಾಗಿ ಬಂದ. ಹೋಗುವಾಗ ಗೇಟಿನ ಕಾವಲುಗಾರನನ್ನು ಕತ್ತೆ ಎಂದು ಬೈದು ಹೋದವನು, ಸೋಮವಾರ ಬಂದವನೇ ಅವನ ಭುಜದ ಮೇಲೆ ಕೈಯಿಟ್ಟು, 'ಇವತ್ತು ನಿಮ್ಮ ಮನಸ್ಸು ಹೇಗಿದೆ?' ಎಂದು ಕೇಳಿದನಂತೆ. ಕಾವಲುಗಾರ ಗೇಟು ಬಿಟ್ಟು ನನ್ನ ಹತ್ತಿರ ಓಡಿ ಬಂದ. 'ಅಕ್ಕಾ, ನನ್ನನ್ನ ಕೆಲಸದಿಂದ ತೆಗೆದುಬಿಟ್ಟರಾ?' ಎಂದು ಕೇಳಿದ.

ಅವನು ಹೆದರಿದ್ದರಲ್ಲಿ ತಪ್ಪೇನೂ ಇಲ್ಲ. ನಮ್ಮ ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಮುದಲಾಳಿ, ಅಂದರೆ ಯಜಮಾನ, ಬೈಯುತ್ತಿರುವವರೆಗೆ ಕೆಲಸ ಭದ್ರ. ಮೆತ್ತಗೆ ಮಾತಾಡಿ ಮನೆಯವರ ಯೋಗಕ್ಷೇಮ ವಿಚಾರಿಸಿದನೋ, ಊಟದ ಡಬ್ಬಿ ಎತ್ತಿಕೊಂಡು ಬೇರೆ ಕಂಪನಿಯ ಗೇಟು ನೋಡಿಕೊಳ್ಳುವುದು ಲೇಸು. ಅಣ್ಣ ಆ ಒಂದು ಬೆಳಿಗ್ಗೆ ಎಷ್ಟೋ ಜನರ ಮನಸ್ಸು ವಿಚಾರಿಸಿ ಅವರೆಲ್ಲರ ತಿಂಡಿ ಅರಗದಂತೆ ಮಾಡಿದ.

ನಾನು ಅಣ್ಣನ ಕಂಪನಿಯಲ್ಲಿ ಚೆಕ್ಕಿಂಗ್ ವಿಭಾಗ ನೋಡಿಕೊಳ್ಳುವವಳು. ಹೊಲಿಗೆ ಮುಗಿದು ಬಂದ ಟೀ ಶರ್ಟುಗಳನ್ನು ನಮ್ಮ ಹೆಂಗಸರು ಉದ್ದನೆಯ ಮೇಜುಗಳ ಮುಂದೆ ನಿಂತು ಒಳಗೂ ಹೊರಗೂ ತಿರುವಿ ನೋಡುತ್ತಾರೆ. ಜೋತಾಡುವ ದಾರದ ತುದಿಗಳನ್ನು ಕತ್ತರಿಸುತ್ತಾರೆ, ತೂತು ಕಲೆ ಇದ್ದದ್ದನ್ನು ಪಕ್ಕಕ್ಕೆ ಹಾಕುತ್ತಾರೆ. ನನ್ನ ಕೆಲಸ ಮುಖ್ಯವಾಗಿ ಕೂಗುವುದು. ಹೊಲಿಗೆ ಯಂತ್ರಗಳ ಸದ್ದನ್ನು ಮೀರಿಸುವ ಗಂಟಲು ದೇವರು ನನಗೆ ಕೊಟ್ಟಿದ್ದಾನೆ, ಅದನ್ನು ನಾನು ವ್ಯರ್ಥ ಮಾಡಿಲ್ಲ.

ನಮ್ಮದು ತಲೆತಲಾಂತರದಿಂದ ಇಲ್ಲೇ ನೆಲೆಸಿದ ನೇಕಾರರ ಮನೆ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಾನು ಕಲಿತದ್ದು ಮದುವೆಯಾದ ಮೇಲೆ, ಗಂಡನ ಕಡೆಯ ಕೊಳ್ಳೇಗಾಲದ ನೆಂಟರು ಕಳಿಸುವ ಲಗ್ನಪತ್ರಿಕೆಗಳನ್ನು ಓದುವುದಕ್ಕೆ. ಅಣ್ಣನಿಗೆ ಇವತ್ತಿಗೂ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಇದನ್ನೆಲ್ಲ ಬರೆಯುತ್ತಿದ್ದೇನೆ.

ಹೋಟೆಲಿನ ಶಿಬಿರದಲ್ಲಿ ಅವನಿಗೆ ಹೇಳಿಕೊಟ್ಟದ್ದು ಭಾವನಾತ್ಮಕ ಬುದ್ಧಿವಂತಿಕೆ. ಇರುವ ಬುದ್ಧಿಯನ್ನೇ ಬಳಸದವನಿಗೆ ಇನ್ನೊಂದು ಬುದ್ಧಿ ಯಾಕೆ ಎಂದು ನಾನು ಕೇಳಲಿಲ್ಲ, ಬಾಯಿಯವರೆಗೆ ಬಂದಿತ್ತು. ನಾಯಕನಾದವನು ಎದುರಿಗಿರುವವರ ಕಣ್ಣು ನೋಡಬೇಕು, ತಲೆಯಾಡಿಸಬೇಕು, ಕೊನೆಗೆ ಅವರು ಹೇಳಿದ್ದನ್ನೇ ಅವರಿಗೆ ತಿರುಗಿ ಹೇಳಬೇಕಂತೆ. ಆಗ ಅವರಿಗೆ ತಮ್ಮ ಮಾತು ಮುಟ್ಟಿತು ಎಂದು ಸಮಾಧಾನವಾಗುತ್ತದಂತೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬಂತೆ, ಅಣ್ಣ ಅವತ್ತಿನಿಂದ ಕಂಡಕಂಡವರ ಮಾತನ್ನೆಲ್ಲ ತಿರುಗಿಸಿ ಹೇಳತೊಡಗಿದ.

ಇಸ್ತ್ರಿ ಮಾಡುವವನು, 'ಸಾರ್, ಫ್ಯಾನು ತಿರುಗುತ್ತಿಲ್ಲ' ಎಂದ.

'ಫ್ಯಾನು ತಿರುಗುತ್ತಿಲ್ಲ ಅಂತ ನಿಮಗೆ ಅನ್ನಿಸ್ತಾ ಇದೆ' ಎಂದು ಅಣ್ಣ ತಲೆಯಾಡಿಸಿದ.

ಅವನು ತಲೆಯೆತ್ತಿ ಫ್ಯಾನನ್ನು ಇನ್ನೊಮ್ಮೆ ನೋಡಿದ, ತನ್ನ ಕಣ್ಣೇ ತಪ್ಪೇನೋ ಎಂದು. ಅಣ್ಣ ಅವನ ಕೈ ಕುಲುಕಿ, ಹಂಚಿಕೊಂಡದ್ದಕ್ಕೆ ಧನ್ಯವಾದ ಹೇಳಿ ಮುಂದೆ ಹೋದ. ಫ್ಯಾನು ಹಾಗೆಯೇ ಇತ್ತು.

ನಮ್ಮ ವಿಭಾಗಕ್ಕೂ ಬಂದ. ಕಿಟಕಿಯ ಪಕ್ಕದ ಮೇಜಿನಲ್ಲಿ ನಿಲ್ಲುವ ಒಬ್ಬಾಕೆ ಇದ್ದಳು, ನನಗಿಂತ ಸ್ವಲ್ಪ ಹಿರಿಯಳು, ಅವಿನಾಶಿ ಕಡೆಯಿಂದ ಬಸ್ಸಿನಲ್ಲಿ ಬರುವವಳು. ವರ್ಷಗಟ್ಟಲೆ ನಿಂತು ನಿಂತು ಅವಳ ಕಾಲಿನ ನರಗಳು ಗಂಟುಗಂಟಾಗಿ ಎದ್ದಿದ್ದವು. ಸಂಜೆಯ ಹೊತ್ತಿಗೆ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಬಸ್ ಸ್ಟಾಪಿನವರೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅವಳು ನಡೆಯುವುದನ್ನು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತಿತ್ತು. ಹೀಗೇ ನಿಂತರೆ ಹುಣ್ಣಾಗುತ್ತದೆ, ಕೂತು ಮಾಡುವ ಕೆಲಸ ನೋಡಿಕೋ ಎಂದು ಡಾಕ್ಟರು ಹೇಳಿದ್ದರು. ಬೇರೆ ಕೆಲಸ ಅವಳಿಗೆ ಗೊತ್ತಿರಲಿಲ್ಲ, ಇದನ್ನು ಬಿಟ್ಟರೆ ಮನೆ ನಡೆಯುತ್ತಿರಲಿಲ್ಲ. ಒಂದು ಸ್ಟೂಲು ಸಿಕ್ಕರೆ ಇದೇ ಕೆಲಸವನ್ನು ಕೂತು ಮಾಡಬಹುದಿತ್ತು. ನಾನು ಎಷ್ಟೋ ಸಲ ಕೇಳಿ ಬೈಸಿಕೊಂಡಿದ್ದೆ. ಈಗ ಮುದಲಾಳಿಯೇ ಮನಸ್ಸು ಕೇಳುತ್ತಿದ್ದಾರಲ್ಲ ಎಂದು ಅವಳು ತಾನೇ ಬಾಯಿಬಿಟ್ಟು ಕೇಳಿದಳು.

'ನಿಂತುಕೊಂಡು ನಿಮಗೆ ಕಾಲು ನೋವು' ಎಂದ ಅಣ್ಣ, ಕಣ್ಣಲ್ಲಿ ಕಣ್ಣಿಟ್ಟು.

'ಆಮಾಂಗ' ಎಂದಳು. ಹೌದು ಎಂದು.

'ಒಂದು ಸ್ಟೂಲ್ ಇದ್ದರೆ ಒಳ್ಳೇದು ಅಂತ ನಿಮಗೆ ಅನ್ನಿಸ್ತಾ ಇದೆ.'

'ಆಮಾಂಗ, ಆಮಾಂಗ.' ಅವಳ ಮುಖ ಅರಳಿತು. ಆಗಲೇ ಕಾಲಿನ ಭಾರ ಇಳಿಸಿದವಳಂತೆ ಮೇಜಿಗೆ ಒರಗಿದಳು.

ಅಣ್ಣ ಅದೇ ನಗುಮುಖವನ್ನು ನನ್ನ ಕಡೆ ತಿರುಗಿಸಿ ಕನ್ನಡದಲ್ಲಿ ಹೇಳಿದ: 'ಸ್ಟೂಲ್ ಗೀಲ್ ಏನೂ ಬ್ಯಾಡ. ಇವುಳ್ಗೆ ಕೊಟ್ರೆ ನಾಳೆ ಎಲ್ರೂ ಕೇಳ್ತಾರೆ. ಕೂತ್ರೆ ತೂಕಂ ಬತ್ತದೆ, ಪೀಸ್ ಓಡಲ್ಲ.'

ತೂಕಂ ಎಂದರೆ ನಿದ್ದೆ. ಇದು ನಮ್ಮ ಮನೆತನದ ಹಳೆಯ ಜಾಣತನ. ಮಗ್ಗದ ಕಾಲದಿಂದಲೂ, ಕೆಲಸದವರ ಎದುರಿಗೇ ಅವರ ವಿಷಯ ಮಾತಾಡಬೇಕಾದಾಗ ನಮ್ಮವರು ಕನ್ನಡಕ್ಕೆ ಇಳಿಯುತ್ತಾರೆ. ಯಾರನ್ನು ತೆಗೆಯಬೇಕು, ಯಾರಿಗೆ ಎಷ್ಟು ಕಡಿಮೆ ಕೊಟ್ಟರೆ ಸಾಕು, ಎಲ್ಲ ಅವರ ಮೂಗಿನ ಕೆಳಗೇ ತೀರ್ಮಾನವಾಗುತ್ತದೆ. ಹಬ್ಬಕ್ಕೆ, ತಿಥಿಗೆ, ಗುಟ್ಟಿಗೆ ನಮ್ಮ ಕನ್ನಡ. ಕೊಯಮತ್ತೂರಿನ ಶಿಬಿರದಲ್ಲಿ ಇದನ್ನು ಬಿಡಿಸುವ ಪಾಠವೇನೂ ಇರಲಿಲ್ಲವೆಂದು ಕಾಣುತ್ತದೆ.

ಅಷ್ಟಕ್ಕೇ ಬಿಡದೆ ಮಧ್ಯಾಹ್ನ ನನ್ನನ್ನು ತನ್ನ ಗಾಜಿನ ಕೋಣೆಗೆ ಕರೆಸಿದ. 'ನೀನು ಸತ್ತಂ ಹಾಕೋದು ಕಮ್ಮಿ ಮಾಡ್ಬೇಕು. ನಿಂಗೆ ಬೇರೆಯವ್ರ ಭಾವನೆ ಗೊತ್ತಾಗಲ್ಲ' ಎಂದ. ಕೂಗಾಟಕ್ಕೆ ನಾವು ಸತ್ತಂ ಎನ್ನುತ್ತೇವೆ. ಬಾಯಲ್ಲಿ ಬೆಲ್ಲ, ಎದೆಯಲ್ಲಿ ಕತ್ತರಿ ಇಟ್ಟುಕೊಂಡವನು ನನ್ನ ಗಂಟಲಿಗೆ ಬುದ್ಧಿ ಹೇಳುತ್ತಿದ್ದ. 'ನನ್ನ ಸತ್ತಂ ಜಾಸ್ತಿ ಅಂತ ನಿಂಗೆ ಅನ್ನುಸ್ತಾ ಇದೆ' ಎಂದು ತಲೆಯಾಡಿಸಿ ಎದ್ದು ಬಂದೆ.

ಕೆಲವು ವಾರಗಳ ಮೇಲೆ ನಮ್ಮ ಬಟ್ಟೆ ಕೊಳ್ಳುವ ಹೊರದೇಶದ ಕಂಪನಿಯವರು ಬರುವವರಿದ್ದರು. ಜೊತೆಗೆ ಶಿಬಿರದ ಗುರುವೂ ಬರುತ್ತಿದ್ದ, ತನ್ನ ಶಿಷ್ಯ ಎಷ್ಟು ಮಾಗಿದ್ದಾನೆಂದು ತೋರಿಸಲು. ಅವರು ಬರುವ ಬೆಳಿಗ್ಗೆ ಚೆಕ್ಕಿಂಗ್ ವಿಭಾಗದ ಗೋಡೆಗೆ ದೊಡ್ಡ ಬೋರ್ಡು ಹಾಕುವ ತಯಾರಿ ನಡೆಯಿತು. 'ಇಲ್ಲಿ ನಿಮ್ಮ ಮಾತು ಕೇಳಿಸಿಕೊಳ್ಳುತ್ತೇವೆ' ಎಂದು ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಬರೆಸಿದ್ದರು. ಒಡಿಶಾದಿಂದ ಬಂದ ಹುಡುಗಿಯರು ಅದರಲ್ಲಿದ್ದ ದೊಡ್ಡ ಕಿವಿಯ ಚಿತ್ರ ನೋಡಿ, ಕಿವಿ ಡಾಕ್ಟರು ಬರುತ್ತಾರೆಂದುಕೊಂಡರು.

ಬೋರ್ಡು ಎತ್ತರದಲ್ಲಿ ಹಾಕಬೇಕಿತ್ತು. ಎಲೆಕ್ಟ್ರಿಷಿಯನ್ ಆಫೀಸಿನಿಂದ ಒಂದು ಸ್ಟೂಲು ತಂದ. ಬೋರ್ಡಿಗೊಂದು ಸ್ಟೂಲು ಒಂದೇ ನಿಮಿಷದಲ್ಲಿ ಸಿಕ್ಕಿತಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಅವನು ಹತ್ತಿ ಬೋರ್ಡು ನೇತುಹಾಕಿ ಇಳಿದ, ಸ್ಟೂಲನ್ನು ಕಿಟಕಿಯ ಪಕ್ಕದ ಮೇಜಿನ ಹತ್ತಿರ ಬಿಟ್ಟು ಡ್ರಿಲ್ ಯಂತ್ರ ಇಟ್ಟುಬರಲು ಹೋದ. ಆಕೆ ಸ್ಟೂಲನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಬೇರೆ ಕಡೆ ತಿರುಗಿ ಯಾರನ್ನೋ ಕೂಗತೊಡಗಿದೆ. ತಿರುಗಿ ನೋಡುವಷ್ಟರಲ್ಲಿ ಅವಳು ಕೂತು ಶರ್ಟು ನೋಡುತ್ತಿದ್ದಳು, ಕೈ ಎಂದಿನಂತೆಯೇ ಓಡುತ್ತಿತ್ತು.

ಆಗಲೇ ಅತಿಥಿಗಳನ್ನು ಕರೆದುಕೊಂಡು ಅಣ್ಣ ಒಳಗೆ ಬಂದ. ಸ್ಟೂಲು ಕಂಡಿತು. ಅತಿಥಿಗಳ ಎದುರು ಬೈಯುವಂತಿಲ್ಲ. ಹೊಸ ದನಿ ತೆಗೆದ.

'ಅಮ್ಮಾ, ಈ ಸ್ಟೂಲ್ ಆಫೀಸಿಗೆ ಬೇಕಾಗಿದೆ' ಎಂದ ತಮಿಳಿನಲ್ಲಿ.

ಅವಳು ಕೆಲಸ ನಿಲ್ಲಿಸಿ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ನಿಧಾನವಾಗಿ ತಲೆಯಾಡಿಸಿದಳು. 'ಸ್ಟೂಲ್ ಆಫೀಸಿಗೆ ಬೇಕು ಅಂತ ನಿಮಗೆ ಅನ್ನಿಸ್ತಾ ಇದೆ ಮುದಲಾಳಿ' ಎಂದಳು. ಎಂದು, ಮುಂದಿನ ಶರ್ಟು ಎತ್ತಿಕೊಂಡಳು.

ಗುರುವಿಗೆ ಆನಂದವೋ ಆನಂದ. ಕೂಲಿಯವರಿಗೂ ಈ ಪಾಠ ಇಳಿದಿದೆ ನೋಡಿ ಎಂದು ಅತಿಥಿಗಳಿಗೆ ಇಂಗ್ಲಿಷಿನಲ್ಲಿ ವಿವರಿಸಿದ. ಅವರು ಚಪ್ಪಾಳೆ ತಟ್ಟಿದರು. ಅಣ್ಣನೂ ತಟ್ಟಬೇಕಾಯಿತು. ಗೋಡಂಬಿ ಬಿಸ್ಕತ್ತು ಕಾಯುತ್ತಿದೆ ಎಂದು ಗುರು ಅವರನ್ನು ಗಾಜಿನ ಕೋಣೆಗೆ ಕರೆದೊಯ್ದ. ಅಣ್ಣ ಮಾತ್ರ ನನ್ನ ಹತ್ತಿರ ಹಿಂದಕ್ಕೆ ಬಂದ, ಗಾಜಿನಾಚೆಯವರಿಗೆ ಕಾಣಲೆಂದು ನಗುವನ್ನು ಮುಖದ ಮೇಲೆ ಹಾಗೆಯೇ ಇಟ್ಟುಕೊಂಡು.

'ಎಷ್ಟು ತಿಮಿರು ನೋಡು ಇವುಳ್ಗೆ. ಈ ಆರ್ಡರ್ ಮುಗೀಲಿ, ಮುಗುದ ಕೂಡ್ಲೆ ಕಳುಸ್ಬುಡು. ನನ್ ಹೆಸ್ರು ಬರಬಾರ್ದು, ನೀನೇ ಹೇಳು.'

ಅವಳು ಅಲ್ಲೇ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಕಮ್ಮಿ ಮಾಡು ಎಂದಿದ್ದನಲ್ಲ, ಅದೇ ಗಂಟಲನ್ನು ಪೂರ್ತಿ ತೆರೆದು ತಮಿಳಿನಲ್ಲಿ ಹೇಳಿದೆ:

'ಈ ಆರ್ಡರ್ ಮುಗಿದ ಕೂಡಲೇ ನಿಮ್ಮನ್ನ ಕೆಲಸದಿಂದ ತೆಗೀಬೇಕಂತೆ. ಸ್ಟೂಲಿನ ಮೇಲೆ ಕೂತಿದ್ದಕ್ಕೆ. ಅವರ ಹೆಸರು ಬರಬಾರದಂತೆ, ನಾನೇ ಹೇಳಬೇಕಂತೆ. ಎಲ್ಲಾ ಸರಿಯಾಗಿ ಹೇಳಿದೆನಾ ಅಣ್ಣಾ? ಏನಾದರೂ ಬಿಟ್ಟುಹೋಯಿತಾ?'

ಮೇಜುಗಳ ಮುಂದಿನ ಕೈಗಳೆಲ್ಲ ನಿಂತವು. ಪಕ್ಕದ ಸಾಲಿನ ಹೊಲಿಗೆ ಯಂತ್ರಗಳೂ ಒಂದೊಂದಾಗಿ ನಿಂತವು. ಗಾಜಿನ ಹಿಂದೆ ಅತಿಥಿಗಳು ಬಿಸ್ಕತ್ತು ಹಿಡಿದುಕೊಂಡು ಇತ್ತ ನೋಡಿದರು. ಅಣ್ಣನ ನಗು ಅಲ್ಲಿಯೇ ಇತ್ತು, ಅದರ ಹಿಂದೆ ಅವನಿರಲಿಲ್ಲ.

'ಇಲ್ಲೀಂಗ, ಅಪ್ಪಡಿ ಎಲ್ಲಾಂ ಒಣ್ಣುಂ ಇಲ್ಲೀಂಗ' ಎಂದ ಅವಳಿಗೆ. ಹಾಗೇನೂ ಇಲ್ಲ ಎಂದು, ಬಹುವಚನ ಕೊಟ್ಟು. 'ನೀವು ಕೂತ್ಕೊಳ್ಳಿ' ಎಂದು ಸೇರಿಸಿದ. ಕನ್ನಡದಲ್ಲಿ ಅಷ್ಟು ಸುಲಭವಾಗಿ ಬಂದ ಮಾತು ತಮಿಳಿನಲ್ಲಿ ಅವನ ಬಾಯಿಂದ ಹೊರಡಲಿಲ್ಲ.

ಆರ್ಡರು ಮುಗಿಯಿತು, ಅವಳು ಉಳಿದಳು. ಅವಳ ಸ್ಟೂಲನ್ನು ಅತಿಥಿಗಳು ಮೆಚ್ಚಿ ಬರೆದರೆಂದು ಎಲ್ಲ ಮೇಜುಗಳಿಗೂ ಸ್ಟೂಲುಗಳು ಬಂದವು. ಅಣ್ಣ ಈಗ ಅದೇ ಹೋಟೆಲಿನ ಶಿಬಿರಗಳಿಗೆ ಹೋಗಿ, ಒಬ್ಬ ಹೆಂಗಸಿನ ಕಾಲುನೋವನ್ನು ತಾನು ಹೃದಯದಿಂದ ಕೇಳಿಸಿಕೊಂಡ ಕಥೆ ಹೇಳುತ್ತಾನಂತೆ. ಕಥೆಯಲ್ಲಿ ಸ್ಟೂಲು ಕೊಡಲು ಅಡ್ಡ ಬಂದ ದೊಡ್ಡ ಗಂಟಲಿನ ಸೂಪರ್‌ವೈಸರ್ ಒಬ್ಬಳು ಇದ್ದಾಳಂತೆ. ನನ್ನನ್ನು ಕೆಲಸದಿಂದ ತೆಗೆಯಲು ಅವನಿಗೆ ದೊಡ್ಡಮ್ಮನ ಭಯ. ಆದರೆ ಅವತ್ತಿನಿಂದ ಅವನು ನನ್ನ ಹತ್ತಿರ ಕನ್ನಡ ಮಾತಾಡುವುದಿಲ್ಲ. ದೊಡ್ಡಪ್ಪನ ತಿಥಿಯ ದಿನ, ಮನೆಮಂದಿಯೆಲ್ಲ ಸಾಲಾಗಿ ಕೂತಲ್ಲಿ, ಅನ್ನ ಬೇಕಾ ಎಂದು ನನ್ನೊಬ್ಬಳನ್ನು ತಮಿಳಿನಲ್ಲಿ ಕೇಳಿದ. ಚಿಕ್ಕಂದಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನಾವು.

ಇದನ್ನು ಒಂದು ದಿನ ಟೀ ಹೊತ್ತಿನಲ್ಲಿ ಅವಳಿಗೆ ಹೇಳಿದೆ. ಅವಳಿಗಾಗಿ ನಾನೆಷ್ಟು ಕಳೆದುಕೊಂಡೆ ಎಂದು ಸ್ವಲ್ಪ ಕನಿಕರ ಸಿಕ್ಕೀತೆಂಬ ಆಸೆ ನನಗಿತ್ತು. ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದವಳು ಲೋಟ ಕೆಳಗಿಟ್ಟಳು.

'ಅವತ್ತು ನೀವು ಅದನ್ನ ತಮಿಳಲ್ಲಿ ಹೇಳಬೇಕಾಗಿರಲಿಲ್ಲ ಅಕ್ಕಾ. ಇಷ್ಟು ವರ್ಷ ನಿಮ್ಮ ಪಕ್ಕದಲ್ಲೇ ನಿಂತವರಿಗೆ ನಿಮ್ಮ ಕನ್ನಡ ಬರದೆ ಇರುತ್ತಾ? ಇಲ್ಲಿ ಎಲ್ಲರಿಗೂ ಬರುತ್ತೆ. ಬರುತ್ತೆ ಅಂತ ಯಾರೂ ತೋರಿಸ್ಕೊಳ್ತಾ ಇರಲಿಲ್ಲ, ಅಷ್ಟೇ. ಯಾರನ್ನ ತೆಗೀತಾರೆ, ಯಾವಾಗ ತೆಗೀತಾರೆ, ಎಲ್ಲಾ ಮೊದಲೇ ತಿಳ್ಕೊಂಡು ಬೇರೆ ಕೆಲಸ ನೋಡ್ಕೊಳ್ತಾ ಇದ್ವಿ.' ಗಾಜಿನ ಕೋಣೆಯ ಕಡೆ ಕತ್ತು ತಿರುಗಿಸಿದಳು. ಅಲ್ಲಿ ಅಣ್ಣ ಬಾಗಿಲು ಹಾಕಿಕೊಂಡು ಯಾರ ಜೊತೆಯೋ ಫೋನಿನಲ್ಲಿ ಮಾತಾಡುತ್ತಿದ್ದ. 'ಈಗ ನೋಡಿ, ಅವರು ಏನು ಮಾತಾಡ್ತಾರೆ ಅಂತ ನಮಗೆ ಒಂದೂ ಗೊತ್ತಾಗಲ್ಲ.'