ವಾಸನೆಯಿಲ್ಲದ ಬಟ್ಟೆ

ವಿಶ್ರುತನ ಕತ್ತಿನ ಮಡಿಕೆಯಲ್ಲಿ ಮೊದಲು ಕಾಣಿಸಿಕೊಂಡದ್ದು ರಾಗಿಕಾಳಿನಷ್ಟು ಕೆಂಪು. ಬೆವರುಗುಳ್ಳೆ ಇರಬೇಕು ಎಂದು ಧರಣಿ ಸುಮ್ಮನಾದಳು. ವಾರ ಕಳೆಯುವಷ್ಟರಲ್ಲಿ ಅದು ಮೊಣಕೈ ಮಡಿಚುವ ಕಡೆಗೆ, ಮಂಡಿಯ ಹಿಂದಕ್ಕೆ, ಚಡ್ಡಿಯ ಎಲಾಸ್ಟಿಕ್ ಕೂರುವ ಸೊಂಟಕ್ಕೆ ಹಬ್ಬಿತು. ಒಂದೂವರೆ ವರ್ಷದ ಕೂಸು. ತುರಿಸುತ್ತಿದೆ ಎಂದು ಹೇಳುವುದಕ್ಕೂ ಬಾರದು. ಊಟ ಮಾಡಿಸುವಾಗ, ಆಡಿಸುವಾಗ, ಹೆಗಲ ಮೇಲೆ ಹಾಕಿಕೊಂಡಾಗ, ಎಲ್ಲಿ ಒರಟಾದದ್ದು ಸಿಕ್ಕಿದರೆ ಅಲ್ಲಿ ಮೈ ಉಜ್ಜಿಕೊಂಡು ಅಳುತ್ತಿತ್ತು.

ಯಾದವಗಿರಿಯ ಮಕ್ಕಳ ಡಾಕ್ಟರು ರಕ್ಷಿತಾ ಮಗುವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಧರಣಿ ಊಹಿಸದ ಪ್ರಶ್ನೆ ಕೇಳಿದರು.

"ಬಟ್ಟೆ ಯಾವುದರಲ್ಲಿ ಒಗೀತೀರ?"

"ಎಲ್ಲರ ಮನೇಲಿ ಒಗೆಯೋ ಪೌಡರೇ ಡಾಕ್ಟ್ರೇ."

"ವಾಸನೆ ಬರುತ್ತಾ?"

"ಘಮ್ ಅಂತ ಬರುತ್ತೆ," ಎಂದಳು ಧರಣಿ, ಸ್ವಲ್ಪ ಹೆಮ್ಮೆಯಿಂದಲೇ.

"ಅದೇ ಬೇಡ. ಈ ಮಗೂದು ಒಣಚರ್ಮ, ಬೇಗ ಕೆರಳುತ್ತೆ. ಸೆಂಟು ಹಾಕಿದ್ದು ಯಾವುದೂ ಮೈಗೆ ತಾಕಬಾರದು. ಮಗು ಬಟ್ಟೆ ಅಂತಲ್ಲ, ಇಡೀ ಮನೆ ಬಟ್ಟೆ. ನಿಮ್ಮೆಲ್ಲರ ಹೆಗಲ ಮೇಲೆ ತಾನೇ ಮುಖ ಇಡೋದು? ಮೂರು ವಾರ ನೋಡೋಣ. ಇಳೀದಿದ್ರೆ ಸ್ಟೀರಾಯ್ಡ್ ಮುಲಾಮು ಶುರು ಮಾಡೋಣ. ಹೆದರೋದೇನಿಲ್ಲ, ಆದ್ರೆ ಮೊದಲು ಕಾರಣ ತೆಗೀಬೇಕು."

ಹೆದರೋದೇನಿಲ್ಲ ಎಂದದ್ದೇ ಧರಣಿಗೆ ಹೆದರಿಕೆ ಹುಟ್ಟಿಸಿತು. ಇಷ್ಟು ಪುಟ್ಟ ಮೈಗೆ ಮುಲಾಮು ಮೆತ್ತುವ ಮೊದಲು ಮೂರು ವಾರ ತನ್ನ ಕೈಯಲ್ಲಿದೆ ಎಂದುಕೊಂಡು, ಕ್ಯಾಲೆಂಡರಿನಲ್ಲಿ ಮೂರನೆಯ ಸೋಮವಾರದ ಸುತ್ತ ಒಂದು ಗೆರೆ ಎಳೆದಳು. ಒಗೆಯುವ ಪೌಡರು ಬದಲಾಯಿಸುವುದು ಏನು ಮಹಾ? ಅಂಗಡಿಗೆ ಹೋದರೆ ಆಯಿತು.

ಧರಣಿ ಅಶೋಕ ರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮನೆ ಅಲ್ಲೇ ಹತ್ತಿರ, ಲಷ್ಕರ್ ಮೊಹಲ್ಲಾದ ಒಂದು ಮಹಡಿ ಮೇಲೆ. ದಿನವಿಡೀ ಬೇರೆಯವರಿಗೆ ಸಣ್ಣ ಅಕ್ಷರ ಓದಿಸುವವಳಿಗೆ ಆ ಸಂಜೆ ಚನ್ನಬಸವಯ್ಯನವರ ದಿನಸಿ ಅಂಗಡಿಯಲ್ಲಿ ತನಗೇ ಅಕ್ಷರ ಕಾಣಲಿಲ್ಲ. ಒಂದು ಪ್ಯಾಕೆಟ್ಟಿನ ಮೇಲೆ ಬೇವಿನೆಲೆ, ಇನ್ನೊಂದರ ಮೇಲೆ ನಗುವ ಕೂಸು, ಮತ್ತೊಂದರ ಮೇಲೆ ಹಸಿರು ಬೆಟ್ಟ. ಒಳಗೆ ಏನಿದೆ ಎನ್ನುವುದು ಮಾತ್ರ ಅಂಚಿನಲ್ಲಿ, ಇರುವೆ ಸಾಲಿನಂತೆ. ಕೆಲವುಗಳ ಮೇಲೆ ಅದೂ ಇಲ್ಲ. ಮಾರನೆಯ ದಿನ ತನ್ನ ಕನ್ನಡಕದ ಅಂಗಡಿಯಿಂದ ಭೂತಗನ್ನಡಿ ಕೇಳಿ ಪಡೆದು ಮತ್ತೆ ಬಂದಳು.

"ಏನಮ್ಮ, ಕ್ರಯಪತ್ರ ಓದ್ದಂಗೆ ಓದ್ತಿದ್ದೀಯಲ್ಲ!" ಎಂದರು ಚನ್ನಬಸವಯ್ಯ.

"ಒಳಗೆ ಏನು ಹಾಕಿದಾರೆ ಅಂತ ಎಲ್ಲೂ ಸರಿಯಾಗಿ ಬರ್ದೇ ಇಲ್ವಲ್ಲ ಅಯ್ನೋರೇ."

"ಪೌಡರೊಳಗೆ ಪೌಡರ್ ಇರುತ್ತೆ ಕಣಮ್ಮ. ಇನ್ನೇನ್ ಬೇಳೆ ಇರುತ್ತಾ?"

ನಗುವ ಕೂಸಿನ ಪ್ಯಾಕೆಟ್ಟಿನ ಹಿಂದೆ ಒಂದು ಫೋನ್ ನಂಬರಿತ್ತು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಧರಣಿ ಅದಕ್ಕೆ ಫೋನ್ ಮಾಡಿದಳು. ಕನ್ನಡಕ್ಕೆ ಐದು ಒತ್ತಿ ಎಂದಿತು. ಒತ್ತಿದಳು. ಹಿಂದಿಯಲ್ಲಿ ಮಾತಾಡುವ ಹುಡುಗಿ ಸಿಕ್ಕಳು. ತನಗೆ ಬಂದಷ್ಟು ಹಿಂದಿಯಲ್ಲಿ ಧರಣಿ ಕೇಳಿದಳು: ಮಗುವಿನ ಚರ್ಮಕ್ಕೆ ತೊಂದರೆ ಇಲ್ಲವೇ? ನೂರಕ್ಕೆ ನೂರು ಇಲ್ಲ ಮೇಡಂ. ಸೆಂಟು ಹಾಕಿದ್ದೀರಾ? ಹಾಕಿದ್ದೇವೆ ಮೇಡಂ, ತುಂಬಾ ಚೆನ್ನಾಗಿದೆ, ಬೇಕಾದರೆ ಮಲ್ಲಿಗೆಯದೂ ಸಿಗುತ್ತದೆ.

ಆ ರಾತ್ರಿ ಊಟಕ್ಕೆ ಬಡಿಸುವಾಗ ಇದನ್ನೆಲ್ಲ ಹೇಳಿಕೊಂಡರೆ ಗಂಡ ಸುಂದರೇಶನಿಗೆ ನಗು. ಸ್ಕೂಟರ್ ರಿಪೇರಿ ಅಂಗಡಿಯವನು. ಅವನ ಅಂಗಿಯ ಗ್ರೀಸನ್ನು ಯಾವ ಪೌಡರೂ ಪೂರ್ತಿ ಗೆದ್ದದ್ದಿಲ್ಲ.

"ನಮ್ಮನ್ನೆಲ್ಲ ಬಾರ್ ಸೋಪಲ್ಲಿ ಒಗ್ದು ಬೆಳೆಸಿದ್ರು ಕಣೇ. ಬದುಕಿಲ್ವಾ?"

"ಬದುಕೋದು ಬೇರೆ, ಕೆರ್ಕೊಳ್ದೆ ಬದುಕೋದು ಬೇರೆ ಕಣ್ರೀ."

ಅತ್ತೆ ದಾಕ್ಷಾಯಣಮ್ಮ ಅಂಟುವಾಳಕಾಯಿ ಹಾಕು ಎಂದರು. ನೆನೆಸಿ, ಕಿವುಚಿ, ಸೋಸಿ ಅದರಲ್ಲೂ ಒಗೆಸಿ ನೋಡಿದ್ದಾಯಿತು. ಬಿಳಿ ಜುಬ್ಬಗಳು ಕಾಫಿ ಸೋಸಿದ ಬಟ್ಟೆಯ ಬಣ್ಣಕ್ಕೆ ತಿರುಗಿದವು. ರಾಗಿಸರಿಯ ಕಲೆ ಇದ್ದ ಜಾಗದಲ್ಲೇ ಇತ್ತು. ಐದು ದಿನ ಹೀಗೆ ಹೋಯಿತು.

ಕೊನೆಗೆ ಚನ್ನಬಸವಯ್ಯನವರ ಅಂಗಡಿಯ ಕೆಳಗಿನ ಹಲಗೆಯಲ್ಲಿ, ಫಿನಾಯಿಲ್ ಬಾಟಲಿಗಳ ಹಿಂದೆ, ಚಿತ್ರವೇ ಇಲ್ಲದ ಬಿಳಿ ಪ್ಯಾಕೆಟ್ಟೊಂದು ಸಿಕ್ಕಿತು. ವಾಸನೆ ಹಾಕಿಲ್ಲ, ಬಣ್ಣ ಹಾಕಿಲ್ಲ ಎಂದು ಬರೆದಿತ್ತು. ಏನೇನು ಹಾಕಿದ್ದಾರೆ ಎನ್ನುವುದೂ ದಪ್ಪಕ್ಷರದಲ್ಲಿ, ಕಣ್ಣಿಗೆ ಕಾಣುವಂತೆ. ಬೆಲೆ ನೋಡಿ ಒಮ್ಮೆ ಉಸಿರು ಹಿಡಿದಳು, ಆದರೂ ಅಂಥ ಎರಡು ಪ್ಯಾಕೆಟ್ಟು ತಂದಳು. ಮನೆಯ ಹಾಸಿಗೆ ಹೊದಿಕೆ, ಅತ್ತೆಯ ಸೀರೆ, ಗಂಡನ ಗ್ರೀಸ್ ಅಂಗಿ, ಎಲ್ಲವನ್ನೂ ಹೊಸದಾಗಿ ಒಗೆಸಿದಳು.

ಮಹಡಿಯ ಒಗೆಯುವ ಕಲ್ಲಿನ ಮುಂದೆ ಕೆಂಚಮ್ಮನ ಪಂಚಾಯಿತಿ ಶುರುವಾಯಿತು. ಕೆಂಚಮ್ಮ ಆ ಬೀದಿಯಲ್ಲಿ ನಾಲ್ಕು ಮನೆಗಳ ಬಟ್ಟೆ ಒಗೆಯುವವಳು. ಕೈಗೆಷ್ಟು ಕಸುವೋ ಬಾಯಿಗೂ ಅಷ್ಟೇ.

"ಅಕ್ಕಾ, ಇದ್ರಲ್ಲಿ ನೊರೇನೇ ಬರಲ್ವಲ್ಲಕ್ಕಾ."

"ನೊರೆ ಬೇಡ ಕೆಂಚಮ್ಮ, ಕೊಳೆ ಹೋದ್ರೆ ಸಾಕು."

"ನೊರೆ ಇಲ್ದೆ ಕೊಳೆ ಎಂಗೋಯ್ತದೆ? ಉಪ್ಪಿಲ್ದೆ ಸಾರು ಮಾಡ್ದಂಗೆ."

"ಮೂರು ಸಲ ಚೆನ್ನಾಗಿ ಜಾಲಿಸು, ಅಷ್ಟೇ."

"ಮೂರ್ ಸಲವಾ? ನಾಕು ಮನೆ ಬಟ್ಟೆ ಐತೆ ಕಣಕ್ಕಾ. ಜಾಲಿಸ್ತಾ ಕೂತ್ರೆ ಇಲ್ಲೇ ಸಂಜೆ ಆಗ್ಬುಡ್ತದೆ."

ಕೆಲಸಕ್ಕೆ ಹೊರಡುವ ಮೊದಲು ಧರಣಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ನಿಂತು, ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಕೆಂಚಮ್ಮ ಮೂತಿ ತಿರುಗಿಸಿಕೊಂಡೇ ಜಾಲಿಸುತ್ತಿದ್ದಳು.

ಒಣಗಿದ ಜುಬ್ಬ ಒಂದನ್ನು ಮಡಿಚುತ್ತಿದ್ದ ದಾಕ್ಷಾಯಣಮ್ಮ ಅದನ್ನು ಮೂಗಿಗೆ ಹಿಡಿದು, "ಒಗೆದದ್ದೋ ಒಗೆಯದ್ದೋ ಇದು?" ಎಂದರು. "ಬಟ್ಟೆಗೆ ಒಂದು ವಾಸನೆ ಬೇಡ್ವೇನೆ? ಯಾರೂ ಇಲ್ಲದ ಮನೆಗೆ ಕಾಲಿಟ್ಟಂಗಿದೆ."

"ಅದೇ ಬೇಕಾಗಿರೋದು ಅತ್ತೆ," ಎಂದು ಧರಣಿ ಚಪ್ಪಲಿ ಮೆಟ್ಟಿದಳು.

ಎರಡನೆಯ ವಾರ ಮುಗಿಯಿತು. ಕೆಂಪು ಇಳಿಯಲಿಲ್ಲ. ಕತ್ತಿನದು ಇನ್ನೂ ಹೆಚ್ಚಿ, ಮಡಿಕೆಯಲ್ಲಿ ಸಣ್ಣಗೆ ಒಸರತೊಡಗಿತು. ಧರಣಿ ಪೌಡರಿನ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಓದಿದಳು. ತಾನು ತಿಂದದ್ದು, ಮಗು ತಿಂದದ್ದು, ಸ್ನಾನದ ಸೋಪು, ನೀರು, ಎಲ್ಲವನ್ನೂ ನೆನೆದಳು. ಏನೂ ಸಿಗದಿದ್ದಾಗ ಮನಸ್ಸು ಹತ್ತಿರದ ಮನುಷ್ಯರ ಕಡೆಗೇ ತಿರುಗುತ್ತದೆ. ಒಂದು ಬೆಳಿಗ್ಗೆ ಕಲ್ಲಿನ ಹತ್ತಿರ ಕೇಳಿಯೇಬಿಟ್ಟಳು:

"ಕೆಂಚಮ್ಮ, ನಿಜ ಹೇಳು. ನೊರೆ ಬರ್ಲಿ ಅಂತ ಬೇರೆ ಮನೆ ಪೌಡರ್ ಬೆರೆಸ್ತಿದ್ದೀಯಾ?"

ಕೆಂಚಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಬಿಟ್ಟಳು.

"ನನ್ ಮ್ಯಾಲೆ ಅನುಮಾನ್ವಾ? ಬಾಯಲ್ಲಿ ಗೊಣಗ್ತೀನಿ ನಿಜ, ಕೈಯಲ್ಲಿ ಮೋಸ ಮಾಡಲ್ಲ ಕಣಕ್ಕಾ. ಆ ಮಗ ನನ್ ಮೊಮ್ಮಗ ಇದ್ದಂಗೆ." ಕೈ ಒರೆಸಿಕೊಂಡು ಮೆಟ್ಟಿಲಿಳಿದು ಹೋದವಳು ಎರಡು ದಿನ ಬರಲಿಲ್ಲ.

ಆ ಎರಡು ದಿನ ಧರಣಿಯೇ ಒಗೆದಳು. ಹೊದಿಕೆ ಹಿಂಡಿ ಮಣಿಕಟ್ಟು ಹಿಡಿದುಕೊಂಡಿತು. ಬೆಳಿಗ್ಗೆ ಒಗೆದು, ಹರವಿ, ಕೆಲಸಕ್ಕೆ ಓಡಿ, ಸಂಜೆ ಬಂದರೆ ಮಗು ಮತ್ತೆ ಕೆರೆದುಕೊಂಡ ಗೀರುಗಳೊಂದಿಗೆ ಎದುರು ಬರುತ್ತಿತ್ತು. ಸೋಮವಾರಕ್ಕೆ ನಾಲ್ಕೇ ದಿನ.

ಗುರುವಾರ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಯ ಮೆಷಿನ್ ಕೆಟ್ಟು ಕೂತಿತು. ಮೂರು ಗಂಟೆಗೆಲ್ಲ ಬಿಟ್ಟರು. ಧರಣಿ ಮನೆಯ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಗುಲಾಬಿಯ ವಾಸನೆ ಮೂಗಿಗೆ ಹೊಡೆಯಿತು. ಪಕ್ಕದ ಮನೆಯದಿರಬೇಕು ಎಂದುಕೊಂಡು ಬಾಗಿಲು ತಳ್ಳಿದಳು.

ನಡುಮನೆಯಲ್ಲಿ ಬಿದಿರಿನ ಮಂಕರಿ ಬೋರಲು. ಅದರ ಮೇಲೆ ವಿಶ್ರುತನ ಜುಬ್ಬ, ಚಡ್ಡಿ, ಟೋಪಿ, ಹೊದಿಕೆ, ಒಂದರ ಪಕ್ಕ ಒಂದು. ಬಿದಿರಿನ ಸಂದಿನಿಂದ ಹೊಗೆ ಎದ್ದು ಬಟ್ಟೆಯೊಳಗೆ ಇಳಿಯುತ್ತಿತ್ತು. ದಾಕ್ಷಾಯಣಮ್ಮ ಪಕ್ಕದಲ್ಲಿ ಕೂತು ರೊಟ್ಟಿ ಮಗುಚಿದಂತೆ ಒಂದೊಂದನ್ನೇ ಮಗುಚುತ್ತಿದ್ದರು.

"ಇಷ್ಟು ಬೇಗ ಬಂದ್ಬುಟ್ಟೆ?"

"ಏನತ್ತೆ ಇದು?"

"ಏನಿದು ಅಂದ್ರೆ? ಸಾಂಬ್ರಾಣಿ. ಎಣ್ಣೆ ನೀರು ಎರೆದ ದಿನ ಮಗೂಗೆ ಹಿಡಿಯಲ್ವಾ, ಅದನ್ನೇ ಬಟ್ಟೆಗೆ ಹಿಡ್ದೆ."

ಮಂಕರಿಯ ಪಕ್ಕ ಒಂದು ರಟ್ಟಿನ ಡಬ್ಬಿ ಬಿದ್ದಿತ್ತು. ಕೆಂಡ ಬೇಡದ, ಬೆಂಕಿಕಡ್ಡಿ ತಾಕಿಸಿದರೆ ಹೊತ್ತಿಕೊಳ್ಳುವ ಸಾಂಬ್ರಾಣಿ ಬಟ್ಟಲುಗಳು. ಡಬ್ಬಿಯ ಮೇಲೆ ದೊಡ್ಡ ಗುಲಾಬಿ. ಸಂಜೆ ಮಗುವಿನ ಮೈಯಿಂದ ತೆಳ್ಳಗೆ ಬರುತ್ತಿದ್ದ ವಾಸನೆಯನ್ನು ದೇವರ ಮುಂದಿನ ಊದುಬತ್ತಿಯದೆಂದೇ ಧರಣಿ ಅಂದುಕೊಂಡಿದ್ದಳು.

"ಎಷ್ಟು ದಿನದಿಂದ?" ಎಂದಳು ಧರಣಿ. ದನಿ ಅವಳದೇ ಎಂದು ಅವಳಿಗೂ ಅನ್ನಿಸಲಿಲ್ಲ.

"ನೀನು ಆ ಸಪ್ಪೆ ಪೌಡರ್ ತಂದ ಮಾರನೇ ದಿನದಿಂದ. ಮೊದ್ಲು ಒಂದೇ ಬಟ್ಟಲು ಹಚ್ತಿದ್ದೆ. ಕೆಂಪು ಜಾಸ್ತಿ ಆಯ್ತಲ್ಲ, ಅದಕ್ಕೇ ಈಗ ಎರಡು. ನಿನ್ನ ಗಂಡನಿಗೂ ಕಜ್ಜಿ ಆದಾಗ ಹೀಗೇ ಹೊಗೆ ಹಿಡಿದು ವಾಸಿ ಮಾಡಿದ್ದೆ."

"ನಾನು ಆ ಕಡೆಯಿಂದ ತೊಳೆದು ತೊಳೆದು ತೆಗೀತಿದ್ರೆ ನೀವು ಈ ಕಡೆಯಿಂದ ತುಂಬ್ತಾ ಇದ್ರಾ? ಒಂದು ಮಾತು ಹೇಳೋದಲ್ವಾ ಅತ್ತೆ? ಡಾಕ್ಟ್ರು ಏನಂದ್ರು ಅಂತ ನಿಮ್ಮ ಮುಂದೇನೇ ಹೇಳಿದ್ನಲ್ಲ!"

"ಸೆಂಟು ಬೇಡ ಅಂದೆ. ಸಾಂಬ್ರಾಣಿ ಸೆಂಟೇನೆ? ದೇವರ ಮುಂದೆ ಹಾಕೋದು!"

ಧರಣಿ ಮಂಕರಿ ಎತ್ತಿದಳು. ಹೊಗೆ ಮುಖಕ್ಕೆ ನುಗ್ಗಿ ಕೆಮ್ಮು ಬಂತು. ಉರಿಯುತ್ತಿದ್ದ ಬಟ್ಟಲುಗಳನ್ನು ಬಚ್ಚಲಿಗೆ ಒಯ್ದು ನೀರು ಸುರಿದಳು. ಹಿಂತಿರುಗಿ ಬಂದಾಗ ದಾಕ್ಷಾಯಣಮ್ಮ ಆ ಡಬ್ಬಿಯನ್ನೇ ಹಿಡಿದುಕೊಂಡು ಕೂತಿದ್ದರು. ಅವರ ಕಣ್ಣು ತುಂಬಿತ್ತು. ಧರಣಿಗೆ ಪಾಪ ಎನ್ನಿಸಿತು. ಪಾಪ ಎನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಬೈಯುವುದಕ್ಕೆ ಸರಿಯಾಗಿ ಒಬ್ಬ ಕೆಟ್ಟವರೂ ಸಿಗಲಿಲ್ಲವಲ್ಲ!

ಬಟ್ಟೆಗಳನ್ನೆಲ್ಲ ಮತ್ತೆ ನೆನೆಸಿಟ್ಟು ಹಿಂದಿನ ಬೀದಿಗೆ ಹೋದಳು. ಕೆಂಚಮ್ಮ ಅಲ್ಲೊಂದು ಮನೆಯ ಹಿತ್ತಲಿನಲ್ಲಿ ಪರದೆ ಹಿಂಡುತ್ತಿದ್ದಳು.

"ತಪ್ಪು ನಂದು ಕೆಂಚಮ್ಮ. ನೀನಲ್ಲ ಅಂತ ಗೊತ್ತಾಯ್ತು."

"ಮತ್ಯಾರು?"

ಧರಣಿ ಪರದೆಯ ಇನ್ನೊಂದು ತುದಿ ಹಿಡಿದು ಹಿಂಡತೊಡಗಿದಳು. ಕೆಂಚಮ್ಮ ಅವಳ ಮುಖ ನೋಡಿ ಮುಂದಕ್ಕೆ ಕೇಳಲಿಲ್ಲ.

"ಬುಡಕ್ಕಾ. ನಾಳೆ ಬತ್ತೀನಿ. ಆದ್ರೆ ನೆತ್ತಿ ಮ್ಯಾಲೆ ನಿಂತ್ಕಂಡು ಎಣಿಸ್ಬ್ಯಾಡಿ. ನಂಗೂ ಮೂರರ ತಂಕ ಎಣಿಸಾಕೆ ಬತ್ತದೆ."

ಅತ್ತೆ ಸೊಸೆಯ ನಡುವೆ ಮಾತು ನಿಂತಿತು. "ಸಾರು", "ಅನ್ನ", "ಮಗು ಎದ್ದ", ಇಷ್ಟೇ. ಸುಂದರೇಶ ಇಬ್ಬರ ಮುಖವನ್ನೂ ನೋಡಿ, ಬೇಗ ಬೇಗ ಉಂಡು ಅಂಗಡಿಗೆ ಹೋಗುತ್ತಿದ್ದ. "ಅಮ್ಮಂಗೆ ನೀವೊಂದು ಮಾತು ಹೇಳ್ರೀ" ಎಂದರೆ, "ಸ್ಕೂಟರ್ ಆದ್ರೆ ಬಿಚ್ಚಿ ನೋಡ್ಬೋದು ಕಣೇ" ಎಂದ.

ಸೋಮವಾರ ಮೂವರೂ ಮಗುವಿನೊಂದಿಗೆ ಯಾದವಗಿರಿಗೆ ಹೋದರು. ನಾಲ್ಕು ದಿನದಲ್ಲಿ ಮಂಡಿಯ ಹಿಂದಿನದು ಕೊಂಚ ಬಾಡಿತ್ತು. ಕತ್ತು ಹಾಗೇ ಇತ್ತು.

"ಪೌಡರ್ ಬದಲಾಯಿಸಿದ್ರಾ?" ಎಂದರು ಡಾಕ್ಟರು.

"ಬದಲಾಯಿಸಿದ್ವಿ ಡಾಕ್ಟ್ರೇ. ಆದ್ರೆ ಮಧ್ಯದಲ್ಲಿ ಸ್ವಲ್ಪ..." ಧರಣಿ ತಡವರಿಸಿದಳು. ಅತ್ತೆಯನ್ನು ಪರರ ಮುಂದೆ ಬಿಟ್ಟುಕೊಡಲು ನಾಲಿಗೆ ಏಳಲಿಲ್ಲ.

"ನಾನೇ ಹೊಗೆ ಹಿಡೀತಿದ್ದೆ," ಎಂದರು ದಾಕ್ಷಾಯಣಮ್ಮ. "ಗುಲಾಬಿ ಸಾಂಬ್ರಾಣಿ. ದಿನಾ. ಅವಳು ಒಗೆದಿದ್ದಕ್ಕೆಲ್ಲ."

ಡಾಕ್ಟರು ಪೆನ್ನು ಕೆಳಗಿಟ್ಟರು. ಸಾಂಬ್ರಾಣಿಯಾಗಲಿ ಊದುಬತ್ತಿಯಾಗಲಿ ಈ ಚರ್ಮಕ್ಕೆ ಒಂದೇ, ಎದೆಗೂ ಒಳ್ಳೆಯದಲ್ಲ, ಮಗು ಇರುವ ಕಡೆ ಬೇಡ ಎಂದರು. ಕತ್ತಿಗೆ ಮಾತ್ರ ಐದು ದಿನ ಮುಲಾಮು ತೆಳ್ಳಗೆ ಹಚ್ಚಿ, ಮಿಕ್ಕದ್ದು ಹಾಗೇ ಇಳಿಯಬಹುದು, ಕಾದು ನೋಡೋಣ ಎಂದರು. ಮುಲಾಮು ತಪ್ಪಿಸಲು ತಾನೇ ಇಷ್ಟೆಲ್ಲ ಒದ್ದಾಡಿದ್ದು? ಧರಣಿ ಚೀಟಿಯನ್ನು ಮಡಿಚಿ ಪರ್ಸಿಗೆ ಹಾಕಿಕೊಂಡಳು.

ಹತ್ತು ದಿನ ಕಳೆಯಿತು. ಕತ್ತು ಒಣಗಿತು. ಮೊಣಕೈಯ ಮಡಿಕೆ ಮೆತ್ತಗಾಯಿತು. ಸೊಂಟದ ಗೆರೆ ಮಾತ್ರ ಇನ್ನೂ ಹಠ ಹಿಡಿದಿತ್ತು. ವಿಶ್ರುತ ಗೋಡೆಗೆ ಉಜ್ಜಿಕೊಳ್ಳುವುದನ್ನು ಬಿಟ್ಟು ಗೋಡೆಯ ಮೇಲೆ ಗೀಚತೊಡಗಿದ. ಬಿಳಿ ಪ್ಯಾಕೆಟ್ಟು ಮಾತ್ರ ತಳ ಕಂಡಿತು.

"ಅದಾ?" ಎಂದರು ಚನ್ನಬಸವಯ್ಯ. "ಯಾರೂ ಕೇಳಲ್ಲ ಕಣಮ್ಮ. ಉಳ್ದಿದ್ದೆಲ್ಲ ವಾಪಸ್ ಕಳಿಸ್ಬುಟ್ಟೆ."

"ನಾನು ಕೇಳ್ತಿದ್ದೀನಲ್ಲ ಅಯ್ನೋರೇ!"

"ಒಬ್ಬರಿಗೋಸ್ಕರ ಹಲಗೆ ಕಟ್ಟಿಸಕ್ಕಾಗುತ್ತಾ?"

ಅಂದು ಧರಣಿಯ ಹಿಂದೆ ದಾಕ್ಷಾಯಣಮ್ಮನೂ ಬಂದಿದ್ದರು, ಕರೆಯದೆಯೇ. ಅವರು ಮುಂದೆ ಹೋಗಿ ಬೇವಿನೆಲೆಯ ಪ್ಯಾಕೆಟ್ಟನ್ನು ಎತ್ತಿ ಮೂಗಿಗೆ ಹಿಡಿದರು. ಬೇಡ. ಹಸಿರು ಬೆಟ್ಟದ್ದು. ಬೇಡ. ನಗುವ ಕೂಸಿನದು.

"ಇದ್ರಲ್ಲಿ ಮಲ್ಲಿಗೆ ಕೂತಿದೆ ಧರಣಿ."

"ಅಮ್ಮಾವ್ರೇ, ಪ್ಯಾಕೆಟ್ ಒಡೀದೆ ಏನ್ ಗೊತ್ತಾಗುತ್ತೆ?" ಎಂದು ಚನ್ನಬಸವಯ್ಯ ನಕ್ಕರು.

"ಒಡೀದೇ ಇಷ್ಟು ಬಂದ್ರೆ ಒಳಗೆಷ್ಟಿರಬೇಡ? ಹಲಗೇಲಿ ಇಟ್ಕೊಳ್ಳಿ."

ಹಲಗೆಯ ಕೊನೆಯ ತನಕ ಮೂಸಿದ್ದಾಯಿತು. ಅತ್ತೆ ಸೊಸೆ ಬರಿಗೈಯಲ್ಲಿ ಹೊರಬಂದರು. ಮುಂದಿನ ಎರಡು ಅಂಗಡಿಗಳಲ್ಲೂ ಅದೇ ಬೇವಿನೆಲೆ, ಅದೇ ಬೆಟ್ಟ.

ಮಾರನೆಯ ಬೆಳಿಗ್ಗೆ ಕೆಂಚಮ್ಮ ಮಹಡಿಗೆ ಬಂದು ಕಲ್ಲಿನ ಪಕ್ಕ ಹುಡುಕಿದಳು.

"ಪೌಡರ್ ಎಲ್ಲಕ್ಕಾ?"

"ಸಿಗ್ಲಿಲ್ಲ. ಕಂಪನಿಗೇ ಕಾಗದ ಹಾಕಿದೀನಿ. ಅಲ್ಲಿ ತಂಕ ಮಗು ಬಟ್ಟೆಗೆ ಬರೀ ಬಿಸಿನೀರು." ಧರಣಿ ಹಂಡೆಯಿಂದ ತಂದ ನೀರನ್ನು ಬಕೆಟ್ಟಿಗೆ ಸುರಿದಳು. ರಾಗಿಸರಿ ಮೆತ್ತಿದ ಜುಬ್ಬವೊಂದು ಮೇಲೆ ತೇಲಿತು.

ಕೆಂಚಮ್ಮ ಸೊಂಟದ ಮೇಲೆ ಕೈಯಿಟ್ಟು ಬಕೆಟ್ಟನ್ನು ನೋಡಿದಳು.

"ಮೊದ್ಲು ನೊರೆ ಕಿತ್ಕಂಡ್ರಿ. ಆಮ್ಯಾಕೆ ವಾಸ್ನೆ. ಈಗ ಪೌಡ್ರೂ ಇಲ್ಲ. ಇನ್ನು ನೀರೊಂದು ಉಳ್ಕಂಡದೆ ಕಣಕ್ಕಾ, ಅದುನ್ನೂ ಓದಿ ನೋಡೀರಿ ಮತ್ತೆ!"

ಧರಣಿಗೆ ನಗು ಬರಲಿಲ್ಲ. ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬಿಸಿಗೆ ಬೆರಳು ಚುರುಗುಟ್ಟಿದರೂ, ಜುಬ್ಬದ ಕಲೆಯನ್ನು ಉಗುರಿನಿಂದ ಕೆರೆಯತೊಡಗಿದಳು.